ಜಪಾನಿನ ಬೇಕರಿಗೆ ಮೊದಲ ಸಲ ಹೋಗುವವರಿಗೆ

ಟೋಕಿಯೊಗೆ ಹೊಸದಾಗಿ ಬಂದ ನಮ್ಮವರು ಮನೆ, ಬ್ಯಾಂಕ್ ಖಾತೆ, ಅಕ್ಕಿ-ಬೇಳೆ ಎಲ್ಲಿ ಸಿಗುತ್ತದೆ ಅಂತ ಎಲ್ಲ ಕೇಳುತ್ತಾರೆ. ಬೇಕರಿ ಬಗ್ಗೆ ಕೇಳುವವರು ಕಡಿಮೆ. ಸ್ಟೇಷನ್ ಪಕ್ಕದಲ್ಲೇ ಬಿಸಿ ಬ್ರೆಡ್ಡಿನ ಘಮ ಬರುತ್ತಿದ್ದರೂ, ಒಳಗೆ ನಮಗೆ ಆಗುವಂಥದ್ದು ಏನಿದೆಯೋ ಎಂದು ಮುಂದೆ ನಡೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಬಾಗಿಲ ಬಳಿಯೇ ಟ್ರೇ ಮತ್ತು ಇಕ್ಕಳ ಇಟ್ಟಿರುತ್ತಾರೆ. ಬೇಕಾದ್ದನ್ನು ನೀವೇ ಎತ್ತಿಟ್ಟುಕೊಂಡು ಕೌಂಟರಿಗೆ ಹೋಗಬೇಕು. 1967ರಲ್ಲಿ ಹಿರೋಷಿಮಾದ ಆಂಡರ್ಸೆನ್ ಬೇಕರಿ ಶುರುಮಾಡಿದ ಈ ಪದ್ಧತಿ ಈಗ ದೇಶದ ತುಂಬ ಇದೆ. ಒಮ್ಮೆ ಟ್ರೇಗೆ ಬಂದದ್ದನ್ನು ವಾಪಸ್ ಇಡುವಂತಿಲ್ಲ. ಅದಕ್ಕೇ ಹೇಳುವುದು, ಕೇಳುವುದೇನಿದ್ದರೂ ಇಕ್ಕಳ ತಾಗಿಸುವ ಮೊದಲೇ ಕೇಳಿ.

ಸಸ್ಯಾಹಾರಿಗಳು ಇಲ್ಲಿ ನಿಧಾನಿಸಬೇಕು. ಅಯ್ಯಂಗಾರ್ ಬೇಕರಿ ನೋಡಿ ಬೆಳೆದ ನಮಗೆ ಬೇಕರಿಯಲ್ಲಿ ಮಾಂಸ ಇರಬಹುದು ಎಂಬ ಯೋಚನೆಯೇ ಬರುವುದಿಲ್ಲ. ಪಾನ್ ಎಂದರೆ ಬ್ರೆಡ್, ಕರೆ ಎಂದರೆ ನಮ್ಮ 'ಕರ್ರಿ'; ಕರೆ ಪಾನ್ ಎಂಬ ಕರಿದ ಬನ್ನಿನ ಹೆಸರು ಕೇಳಿ ಒಳಗೆ ಆಲೂಗಡ್ಡೆ ಪಲ್ಯ ಇದೆಯೆಂದುಕೊಳ್ಳಬೇಡಿ. ಸಾಮಾನ್ಯವಾಗಿ ಇರುವುದು ದನದ ಅಥವಾ ಹಂದಿಯ ಮಾಂಸ. ಸಿಹಿ ಬನ್ನುಗಳ ಹಿಟ್ಟಿಗೆ ಮೊಟ್ಟೆ ಬೀಳುವುದೂ, ಮೇಲೆ ಹೊಳಪಿಗೆ ಮೊಟ್ಟೆ ಸವರುವುದೂ ಮಾಮೂಲು. 'ನಾನು ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು, ಮೀನು ಪರವಾಗಿಲ್ಲ ಎಂದುಕೊಳ್ಳುವವರಿದ್ದಾರೆ. 'ನಿಕು ವಾ ಹೈತ್ತೆ ಇಮಸ್ ಕಾ', ಅಂದರೆ ಮಾಂಸ ಇದೆಯಾ ಎಂದು ನೇರವಾಗಿ ಕೇಳಿ. ನಿಕು ಬದಲು ತಮಾಗೊ ಎಂದರೆ ಮೊಟ್ಟೆ. ಇನ್ನೂ ಒಳ್ಳೆಯ ದಾರಿ 'ಅರೆರುಗಿ ಹ್ಯೋ', ಅಂದರೆ ಅಲರ್ಜಿ ಪಟ್ಟಿ ಕೇಳುವುದು. ಅನೇಕ ಅಂಗಡಿಗಳಲ್ಲಿ ಇರುತ್ತದೆ. ಮೊಟ್ಟೆ, ಹಾಲಿನ ಜೊತೆಗೆ ದನ, ಹಂದಿ, ಕೋಳಿ, ಜೆಲಾಟಿನ್ ಕೂಡ ಅದರಲ್ಲಿ ಬರೆದಿರುವುದುಂಟು. ಫೋನಿನಲ್ಲಿ ಫೋಟೊ ಅನುವಾದ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಕೇಳಲು ಸಂಕೋಚ ಬೇಡ, ತಾಳ್ಮೆಯಿಂದಲೇ ಉತ್ತರಿಸುತ್ತಾರೆ.

ಮೊದಲು ಯಾವುದು ತಿನ್ನಬೇಕೆಂದು ನನ್ನನ್ನು ಕೇಳಿದರೆ ಅನ್‌ಪಾನ್ ಎನ್ನುತ್ತೇನೆ. ಸಕ್ಕರೆ ಹಾಕಿ ಬೇಯಿಸಿದ ಅಜುಕಿ ಎಂಬ ಕೆಂಪು ಕಾಳು ಬನ್ನಿನೊಳಗೆ ಕೂತಿರುತ್ತದೆ, ಹೋಳಿಗೆಯ ಹೂರಣದಂತೆ. ಕಾಳು ಕಾಳಾಗಿ ಸಿಗುವುದು ತ್ಸುಬುಆನ್, ನುಣ್ಣಗಿರುವುದು ಕೊಶಿಆನ್. 1874ರಲ್ಲಿ ಇದನ್ನು ಹೊರತಂದ ಕಿಮುರಾಯ ಅಂಗಡಿ ಇವತ್ತಿಗೂ ಟೋಕಿಯೊದ ಗಿಂಜಾ ಬಡಾವಣೆಯಲ್ಲಿದೆ. ಮರುವರ್ಷ ಏಪ್ರಿಲ್ 4ರಂದು ಮೇಜಿ ಚಕ್ರವರ್ತಿಗೆ ಕೊಟ್ಟದ್ದು ನಡುವೆ ಉಪ್ಪಿನಲ್ಲಿಟ್ಟ ಸಕುರಾ (ಚೆರ್ರಿ) ಹೂವಿದ್ದ ಅನ್‌ಪಾನ್. ಸಿಹಿಯ ನಡುವೆ ಆ ಹೂವಿನ ಉಪ್ಪು ನಾಲಿಗೆಗೆ ತಾಗುವುದೇ ಒಂದು ಸೊಗಸು. ಮೊಟ್ಟೆ ತಿನ್ನದವರು ಇದನ್ನೂ ವಿಚಾರಿಸಿಯೇ ಕೊಳ್ಳಿ.

ಸಿಹಿ ಬೇಡವಾದರೆ ಎಹಿಮೆ ಪ್ರಾಂತ್ಯದ ಕಡೆಯಿಂದ ಬಂದ ಶಿಯೊ ಪಾನ್, ಅಂದರೆ ಉಪ್ಪಿನ ಬ್ರೆಡ್ ಇದೆ. ಒಳಗಿಟ್ಟ ಬೆಣ್ಣೆ ಕರಗಿ ಇಳಿದು ತಳ ಗರಿಗರಿಯಾಗಿರುತ್ತದೆ. ಮನೆಗೆ ಶೊಕುಪಾನ್, ಅಂದರೆ ಚೌಕದ ಬಿಳಿ ಬ್ರೆಡ್ ಕೊಂಡರೆ ಎಷ್ಟು ಹೋಳು ಮಾಡಲಿ ಎಂದು ಕೇಳುತ್ತಾರೆ. ಆರು ಹೋಳಿಗೆ 'ರೊಕು ಮಾಯ್' ಎಂದರೆ ಸಾಕು. ಬ್ರೆಡ್ಡಿನ ಅಂಚುಗಳನ್ನು ಚೀಲದಲ್ಲಿ ಅಗ್ಗಕ್ಕೆ ಮಾರುವ ಅಂಗಡಿಗಳೂ ಇವೆ. ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆಯಲ್ಲಿ ಬ್ರೆಡ್ ಉಪ್ಪಿಟ್ಟು ಮಾಡಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಹೆಸರಾದ ಬೇಕರಿಗಳಲ್ಲಿ ವಾರಾಂತ್ಯ ಸಾಲು ಇದ್ದೇ ಇರುತ್ತದೆ. ಯಾವ ಬ್ರೆಡ್ ಎಷ್ಟು ಗಂಟೆಗೆ ಒಲೆಯಿಂದ ಬರುತ್ತದೆಂದು ಬೋರ್ಡ್ ಹಾಕಿದ್ದರೆ ಆ ಹೊತ್ತಿಗೇ ಹೋಗಿ. ಕೌಂಟರಿನಲ್ಲಿ ಇಲ್ಲೇ ತಿನ್ನುತ್ತೀರಾ, ಒಯ್ಯುತ್ತೀರಾ ಎಂದು ಕೇಳುವುದು ತೆರಿಗೆಗಾಗಿ: ಒಯ್ದರೆ 8%, ಅಲ್ಲೇ ಕೂತು ತಿಂದರೆ 10%.

ಬಾಗಿಲಲ್ಲಿ ಆಳೆತ್ತರದ ಪ್ಲಾಸ್ಟಿಕ್ ಕೋನ್ ನಿಂತಿದ್ದರೆ ಅಲ್ಲಿ ಸಾಫ್ಟ್ ಕ್ರೀಮ್, ಅಂದರೆ ಯಂತ್ರದಿಂದ ಸುರುಳಿಯಾಗಿ ಇಳಿಸುವ ಮೆತ್ತನೆಯ ಐಸ್‌ಕ್ರೀಮ್ ಉಂಟು. 1951ರ ಜುಲೈ 3ರಂದು ಟೋಕಿಯೊದ ಮೇಜಿ ಜಿಂಗು ಗೈಎನ್‌ನಲ್ಲಿ ಅಮೆರಿಕನ್ನರ ಉತ್ಸವದಲ್ಲಿ ಮಾರಿದ್ದರಿಂದ ಆ ದಿನವನ್ನು ಇಲ್ಲಿ ಸಾಫ್ಟ್ ಕ್ರೀಮ್ ದಿನವೆನ್ನುತ್ತಾರೆ. ಮೊದಲ ಸಲ ಬರೀ ಹಾಲಿನ ರುಚಿಯದ್ದನ್ನೇ ತಿನ್ನಿ, ಹೊಕ್ಕೈದೊ ಹಾಲಿನದ್ದಾದರೆ ಇನ್ನೂ ಚೆನ್ನ. ಮುಂದಿನ ಸಲ ಮಾಚಾ, ಅಂದರೆ ಹಸಿರು ಚಹಾ ಪುಡಿಯದ್ದು. ಮೊಟ್ಟೆ, ಜೆಲಾಟಿನ್ ಪ್ರಶ್ನೆ ಇದಕ್ಕೂ ಇದೆ; ಬಿಸ್ಕತ್ತಿನಂಥ ಕೋನಿಗೆ ಮೊಟ್ಟೆ ಹಾಕಿರಬಹುದು, ಅನುಮಾನವಿದ್ದರೆ ಕಪ್ ಕೇಳಿ.

ಬೇಗ ಕರಗುವುದರಿಂದ ಬ್ರೆಡ್ಡಿನ ಲೆಕ್ಕ ಮುಗಿಸಿ, ಚೀಲ ಹೆಗಲಿಗೇರಿಸಿಕೊಂಡ ಮೇಲೆಯೇ ಸಾಫ್ಟ್ ಕ್ರೀಮ್ ಕೊಡಲು ಹೇಳಿ. ಜನಜಂಗುಳಿಯಲ್ಲಿ ತಿನ್ನುತ್ತಾ ನಡೆಯುವುದನ್ನು ಇಲ್ಲಿ ಇಷ್ಟಪಡುವುದಿಲ್ಲ. ಅಂಗಡಿ ಮುಂದೆಯೇ ನಿಂತು ಮುಗಿಸಿ, ಕಪ್ ಅವರಿಗೇ ಕೊಟ್ಟುಬಿಡಿ. ರಸ್ತೆಯಲ್ಲಿ ಕಸದ ಡಬ್ಬಿ ಸಿಗುವುದು ಕಷ್ಟ.