ರೋಗಾಣು ಮನೆ ಕಟ್ಟುವುದು ಹೇಗೆ?

ಬೆಳಗ್ಗೆ ಹಲ್ಲುಜ್ಜುವ ಮೊದಲು ಹಲ್ಲಿನ ಮೇಲೆ ನಾಲಿಗೆ ಆಡಿಸಿ ನೋಡಿ. ಏನೋ ಅಂಟಂಟು, ಅಲ್ವಾ? ರಾತ್ರಿಯಿಡೀ ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಮನೆ ಅದು. ಹೆಸರು ಬಯೋಫಿಲ್ಮ್. ಹಲ್ಲಿನ ಮೇಲಿದ್ದರೆ ಬ್ರಷ್ ಸಾಕು. ಆದರೆ ಇಂಥದ್ದೇ ಲೋಳೆಪದರ ಕ್ಯಾತಿಟರ್ (ದೇಹದೊಳಗೆ ತೂರಿಸುವ ಕೊಳವೆ) ಒಳಗೋ ಕೃತಕ ಕೀಲಿನ ಮೇಲೋ ಬೆಳೆದರೆ ಕಷ್ಟ. ಒಳಗೆ ಕೂತ ರೋಗಾಣು ಮಾಮೂಲಿ ಡೋಸಿನ ಆಂಟಿಬಯಾಟಿಕ್‌ಗೆ ಸುಲಭಕ್ಕೆ ಜಗ್ಗುವುದಿಲ್ಲ.

ಮನೆ ಕಟ್ಟಿ ನೋಡು ಅಂತಾರೆ. ಮೆದುಳೇ ಇಲ್ಲದ ಜೀವಿ ಅದನ್ನು ಹೇಗೆ ಕಟ್ಟುತ್ತದೆ? ಸೂಡೊಮೊನಾಸ್ ಏರುಜಿನೋಸಾ ಎಂಬ ರೋಗಾಣುವಿನ ಬೆನ್ನು ಹತ್ತೋಣ.

ಹೆಜ್ಜೆ 1: ಜಾಗ ಹಿಡಿಯುವುದು

ಬಾಲ ತಿರುಗಿಸುತ್ತಾ ಈಜುವ ಕೋಶ ಯಾವುದೋ ಮೇಲ್ಮೈಗೆ ತಾಗುತ್ತದೆ. ಎಷ್ಟೋ ಕೋಶಗಳು ಸುಮ್ನೆ ತಾಗಿ ಹೊರಟುಬಿಡುತ್ತವೆ. ನಿಂತದ್ದರ ಒಳಗೆ ಸೈಕ್ಲಿಕ್ ಡೈ-ಜಿಎಂಪಿ ಎಂಬ ಪುಟ್ಟ ಅಣು ಏರತೊಡಗುತ್ತದೆ. 1987ರಲ್ಲಿ ಇದು ಮೊದಲು ಸಿಕ್ಕಿದ್ದು ರೋಗಾಣುವಿನಲ್ಲಿ ಅಲ್ಲ, ಸೆಲ್ಯುಲೋಸ್ ನೇಯುವ ಒಂದು ಸಾಧು ಬ್ಯಾಕ್ಟೀರಿಯಾದಲ್ಲಿ. ಈ ಅಣು ಜಾಸ್ತಿಯಾದರೆ ಈಜು ನಿಲ್ಲುತ್ತದೆ, ಅಂಟು ತಯಾರಾಗುತ್ತದೆ. ಕಡಿಮೆಯಾದರೆ ಮತ್ತೆ ಈಜು. ಇದನ್ನು ಮಾಡುವ ಕಿಣ್ವ ಬೇರೆ, ಒಡೆಯುವ ಕಿಣ್ವ ಬೇರೆ.

ಹೆಜ್ಜೆ 2: ಗೋಡೆ

ಸಕ್ಕರೆಯ ಉದ್ದ ಸರಪಳಿಗಳು, ಪ್ರೋಟೀನು, ಜೊತೆಗೆ ಸತ್ತ ಕೋಶಗಳಿಂದ ಚೆಲ್ಲಿದ ಡಿಎನ್‌ಎ. ಸತ್ತವರೂ ಗೋಡೆಗೆ ಒದಗುತ್ತಾರೆ.

ಹೆಜ್ಜೆ 3: ತಲೆ ಎಣಿಕೆ

ನನಗೆ ಬಹಳ ಇಷ್ಟವಾದ ಹೆಜ್ಜೆ ಇದು. ಪ್ರತಿ ಕೋಶವೂ ಒಂದು ಸಂಕೇತ ಅಣುವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಒಂಟಿಯಾಗಿದ್ದರೆ ಅದು ಕೊಚ್ಚಿಹೋಗುತ್ತದೆ. ಗುಂಪು ಸೇರಿದಾಗ ಸುತ್ತಲೂ ದಟ್ಟವಾಗಿ, ಕೋಶದೊಳಗೆ ಅದನ್ನು ಗುರುತು ಹಿಡಿಯುವ ಗ್ರಾಹಕ ಪ್ರೋಟೀನಿಗೆ ಅಂಟಿ, ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಸಭೆಗೆ ಕೋರಂ ಬೇಕಲ್ಲ, ಹಾಗೆ. 1994ರಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಎಂದೇ ಹೆಸರಿಟ್ಟರು.

1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಈ ಸಂಕೇತ ಮಾಡಲಾಗದ ಸೂಡೊಮೊನಾಸ್ ಬೆಳೆಸಿದರು. ಅದೂ ಅಂಟಿಕೊಂಡಿತು. ಆದರೆ ದಪ್ಪ ಗುಡ್ಡೆಗಳ ಬದಲು ತೆಳು, ಚಪ್ಪಟೆ ಪದರವಾಯಿತು. ಡಿಟರ್ಜೆಂಟ್ ತಾಗಿದ್ದೇ ತಡ, ಕಿತ್ತುಕೊಂಡು ಬಂತು.

ಹಾಗಾದರೆ ಸಂಕೇತದ ಬಾಯಿ ಮುಚ್ಚಿಸಿದರೆ ಮುಗೀತಲ್ಲ? ಅವಸರ ಬೇಡ. ಈ ಅಣು ಹೇಳುವುದು ‘ಕಟ್ಟಿ’ ಎಂದಲ್ಲ, ‘ನಾವು ಇಷ್ಟು ಜನ ಇದ್ದೇವೆ’ ಎಂದು ಮಾತ್ರ. ಕಾಲರಾ ರೋಗಾಣು ಸಂಖ್ಯೆ ಕಡಿಮೆ ಇದ್ದಾಗ ಮನೆ ಕಟ್ಟುತ್ತದೆ, ಗುಂಪು ದೊಡ್ಡದಾದರೆ ಕಟ್ಟುವುದನ್ನೇ ನಿಲ್ಲಿಸುತ್ತದೆ. ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಇನ್ನೊಂದು ರೋಗಾಣು ಕೂಡ ಹಾಗೇ: ಸಂಕೇತ ಏರಿದಾಗ ಪದರವನ್ನು ಕರಗಿಸುವ ಸರಕು ಬಿಡುತ್ತದೆ. ಅದರ ಬಾಯಿ ಮುಚ್ಚಿಸಿದರೆ ಪದರ ಇನ್ನೂ ದಪ್ಪವಾದೀತು.

ಹೆಜ್ಜೆ 4: ಮನೆ ಬಿಡುವುದು

ಆಹಾರ ಬತ್ತಿದರೆ ಸೂಡೊಮೊನಾಸ್ ಒಳಗೆ ಸೈಕ್ಲಿಕ್ ಡೈ-ಜಿಎಂಪಿ ಇಳಿಯುತ್ತದೆ. ಕೋಶ ಮತ್ತೆ ಈಜಿಗೆ ಇಳಿಯುತ್ತದೆ. ತೀರಾ ಸ್ವಲ್ಪ ನೈಟ್ರಿಕ್ ಆಕ್ಸೈಡ್ ಕೊಟ್ಟರೂ ಇದೇ ಆಗುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಹೊರಬಿದ್ದ ಕೋಶಕ್ಕೆ ಆಂಟಿಬಯಾಟಿಕ್ ಚೆನ್ನಾಗಿ ನಾಟುತ್ತದೆ. ಆದರೆ ಅದೇ ಕೋಶ ರಕ್ತಕ್ಕೆ ಸೇರಿ ಇನ್ನೊಂದು ಕಡೆ ಹೋಗಿ ಕೂರಲೂಬಹುದು. ಹಾಗಾಗಿ ಮನೆ ಬಿಡಿಸುವ ಮುಂಚೆಯೇ ಬಾಗಿಲ ಹೊರಗೆ ಔಷಧಿ ಕಾದಿರಬೇಕು.