ಉದ್ದದ ಜ್ಯಾಮ್: ಬಾಸ್ ಗಿಟಾರ್ ವಾದಕನ ಅನುಭವ

ಬೆಂಗಳೂರಿನಲ್ಲಿ ನಾನು ಬ್ಯಾಂಡ್‌ನ ತಗ್ಗು ಸ್ವರಗಳನ್ನು ನುಡಿಸುವ ಬಾಸ್ ಗಿಟಾರ್ ಹಿಡಿದ ಕಾಲಕ್ಕೆ ಉದ್ದದ ಜ್ಯಾಮ್ (ರಾಕ್ ಬ್ಯಾಂಡ್ ಒಂದು ಹಾಡನ್ನು ಸ್ಥಳದಲ್ಲೇ ಮನೋಧರ್ಮದಿಂದ ಬೆಳೆಸುತ್ತಾ ಹೋಗುವುದು) ಎಂದರೆ ಲೀಡ್ ಗಿಟಾರಿಸ್ಟ್ ಮನಸೋ ಇಚ್ಛೆ ನುಡಿಸುವುದು, ಮಿಕ್ಕವರು ಅವನ ಬೆನ್ನಿಗೆ ನಿಲ್ಲುವುದು ಎಂಬ ಭಾವನೆ ನಮ್ಮ ಸುತ್ತಿನ ಬ್ಯಾಂಡ್‌ಗಳಲ್ಲಿ ಬೇರೂರಿತ್ತು. ಅದು ಹಾಗಲ್ಲವೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಆಲ್‌ಮನ್ ಬ್ರದರ್ಸ್ ಬ್ಯಾಂಡ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನಡೆಸಿದ ಕಛೇರಿಗಳ ಧ್ವನಿಮುದ್ರಿಕೆ. 1969ರ ಸ್ಟುಡಿಯೋ ರೂಪದಲ್ಲಿ ಐದು ನಿಮಿಷಕ್ಕೆ ತುಸು ಮೇಲೆ ಮುಗಿಯುವ ‘ವಿಪ್ಪಿಂಗ್ ಪೋಸ್ಟ್’ ಅಲ್ಲಿ ಸುಮಾರು 23 ನಿಮಿಷ ಬೆಳೆಯುತ್ತದೆ. ಅಷ್ಟು ಹೊತ್ತು ಅದನ್ನು ಎತ್ತಿ ಹಿಡಿಯುವುದು ಡ್ವೇನ್ ಆಲ್‌ಮನ್ ಮತ್ತು ಡಿಕಿ ಬೆಟ್ಸ್ ಅವರ ಗಿಟಾರ್‌ಗಳು ಮಾತ್ರವಲ್ಲ. ಬೆರಿ ಓಕ್ಲಿಯ ಬಾಸ್ ಒಂದೆಡೆ ನಿಲ್ಲದೆ ಅವರನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ಇಬ್ಬರು ಡ್ರಮ್ಮರ್‌ಗಳು ಆ ತಳ್ಳುವಿಕೆಗೆ ಸ್ಪಂದಿಸುತ್ತಲೇ ಇರುತ್ತಾರೆ.

ನಾನು ಆ ಹಾಡಿನ ಆರಂಭದ ಬಾಸ್ ಸಾಲಿನಿಂದಲೇ ಅಭ್ಯಾಸ ಶುರುಮಾಡಿದೆ. ಅದು ಹನ್ನೊಂದು ಎಣಿಕೆಯದು. ‘ತಕಿಟ ತಕಿಟ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ನುಡಿಸಿದೆ. ಹಾಡುಗಾರಿಕೆ ಶುರುವಾಗುವಲ್ಲಿ ಕೊನೆಯ ‘ತಕ’ವೂ ‘ತಕಿಟ’ವಾಗಿ ಹನ್ನೆರಡಕ್ಕೆ ಹೊರಳುತ್ತದೆ. ಆ ಒಂದು ಎಣಿಕೆಯ ಹೆಚ್ಚಳ ಮೈಗೆ ಹತ್ತುವವರೆಗೆ ಮುಂದಿನದಕ್ಕೆ ಕೈಹಾಕಲಿಲ್ಲ.

ಅದಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಅದೇ ಮುದ್ರಿಕೆಯ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ನಲ್ಲಿ. ಸೋಲೋಗಳ, ಅಂದರೆ ಒಬ್ಬೊಬ್ಬರೇ ಮುಂದೆ ಬಂದು ನುಡಿಸುವ ಭಾಗದಲ್ಲಿ ಹಾಡು ಎರಡೇ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಮೇಲೆ ನಿಂತುಬಿಡುತ್ತದೆ. ಸ್ವರಗಳು ‘ಎ’ ಡೋರಿಯನ್, ಅಂದರೆ ‘ಎ’ಯನ್ನು ಷಡ್ಜವಾಗಿಟ್ಟುಕೊಂಡರೆ ನಮ್ಮ ಖರಹರಪ್ರಿಯದ ಸ್ವರಸ್ಥಾನಗಳು. ಗಮಕವೂ ಸಂಚಾರವೂ ಇಲ್ಲದೆ ಅದು ರಾಗವಾಗುವುದಿಲ್ಲ, ನಿಜ. ಆದರೆ ಗ್ರಹಭೇದ, ಅಂದರೆ ಸ್ವರಗಳನ್ನು ಹಾಗೆಯೇ ಇಟ್ಟು ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸುವುದು, ಇಲ್ಲಿ ಅಕ್ಷರಶಃ ಕೆಲಸ ಮಾಡುತ್ತದೆ. ಗಿಟಾರ್ ಅದೇ ಏಳು ಸ್ವರಗಳಲ್ಲಿ ಓಡಾಡುತ್ತಿರುವಾಗ ನಾನು ಬಾಸ್‌ನಲ್ಲಿ ಮಧ್ಯಮವಾದ ‘ಡಿ’ಗೆ ಬಂದು ನಿಂತರೆ ಇಡೀ ಬ್ಯಾಂಡ್ ಹರಿಕಾಂಭೋಜಿಯ ಬಣ್ಣಕ್ಕೆ ತಿರುಗುತ್ತದೆ, ‘ಜಿ’ಗೆ ಹೋದರೆ ಶಂಕರಾಭರಣ, ‘ಸಿ’ಗೆ ಹೋದರೆ ಕಲ್ಯಾಣಿ. ಗಿಟಾರಿಸ್ಟ್ ಒಂದು ಸ್ವರವನ್ನೂ ಬದಲಿಸಬೇಕಾಗಿಲ್ಲ, ಕಾಲಕೆಳಗಿನ ನೆಲ ಬದಲಾದದ್ದನ್ನು ಕೇಳಿಸಿಕೊಂಡರೆ ಸಾಕು. ಉದ್ದದ ಜ್ಯಾಮ್ ಬೇಸರ ತರದೆ ಸಾಗುವ ಗುಟ್ಟು ನನ್ನ ಮಟ್ಟಿಗೆ ಇದೇ. ಆದ್ದರಿಂದ ನಮ್ಮ ಅಭ್ಯಾಸದಲ್ಲಿ ಸರದಿಯ ಮೇಲೆ ಸೋಲೋ ನುಡಿಸುವ ಪದ್ಧತಿಯನ್ನೇ ಬಿಟ್ಟೆವು: ಯಾರಾದರೂ ಮೂರು ನಾಲ್ಕು ಸ್ವರಗಳ ಒಂದು ಮಾತು ಎತ್ತಬೇಕು, ಉಳಿದವರು ಅದನ್ನು ಹಿಡಿದು ಬೆಳೆಸಬೇಕು, ಹೇಳಲು ಏನೂ ಇಲ್ಲದವರು ನಿಲ್ಲಿಸಿ ಕೇಳಬೇಕು. ಕೇಳುತ್ತಾ ಸುಮ್ಮನಿರುವುದೇ ಎಲ್ಲರಿಗೂ ಅತಿ ಕಷ್ಟವಾಯಿತು.

ಉದ್ದದ ಜ್ಯಾಮ್ ಯಾವ ನೆಲದಲ್ಲಿ ಬೆಳೆಯಿತು ಎಂದು ನೋಡಿದರೆ ಏಕೆ ಬಾಡಿತು ಎಂಬುದೂ ಅರ್ಥವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಫಿಲ್‌ಮೋರ್, ಅವಲಾನ್ ಮುಂತಾದವು ನೃತ್ಯದ ಸಭಾಂಗಣಗಳು. ಕುಣಿಯುವ ಜನಕ್ಕೆ ಹಾಡು ಬೇಗ ಮುಗಿಯುವುದೇ ಬೇಡವಾಗಿತ್ತು. ಇಪ್ಪತ್ತು ನಿಮಿಷ ಮೀರಿದ ಎಲ್‌ಪಿ ತಟ್ಟೆಯ ಮಗ್ಗುಲು ಸಿಕ್ಕಿತ್ತು, ಅದನ್ನು ಇಡಿಯಾಗಿ ಪ್ರಸಾರ ಮಾಡುವ ಎಫ್‌ಎಂ ಕೇಂದ್ರಗಳೂ ಬಂದಿದ್ದವು. 1966ರಲ್ಲಿ ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್‌ನ ‘ಈಸ್ಟ್–ವೆಸ್ಟ್’ ಹಿಂದೂಸ್ತಾನಿ ರಾಗದ ಪ್ರೇರಣೆಯಿಂದ ಹದಿಮೂರು ನಿಮಿಷ ಸಾಗಿತು. ಗ್ರೇಟ್‌ಫುಲ್ ಡೆಡ್ ಬ್ಯಾಂಡ್‌ನ ‘ಡಾರ್ಕ್ ಸ್ಟಾರ್’ 1968ರ ಸಿಂಗಲ್‌ನಲ್ಲಿ ಮೂರು ನಿಮಿಷವೂ ಇರಲಿಲ್ಲ. ಮರುವರ್ಷ ‘ಲೈವ್/ಡೆಡ್’ ಎಂಬ ಕಛೇರಿ ಮುದ್ರಿಕೆಯಲ್ಲಿ ಅದೇ ಹಾಡು 23 ನಿಮಿಷವಾಯಿತು. ಅಲ್ಲಿ ಫಿಲ್ ಲೆಶ್ ಬಾಸ್‌ನಲ್ಲಿ ನುಡಿಸುವುದು ಆಸರೆಯ ಸ್ವರಗಳನ್ನಲ್ಲ, ಸ್ವತಂತ್ರವಾದ ಒಂದು ರಾಗಧಾರೆಯನ್ನು. ಬಾಸ್ ವಾದಕರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ನನಗೆ ಗೊತ್ತಿಲ್ಲ.

1971ರ ಬೇಸಿಗೆಯಲ್ಲಿ ಫಿಲ್‌ಮೋರ್‌ಗಳನ್ನು ನಡೆಸುತ್ತಿದ್ದ ಬಿಲ್ ಗ್ರಹಾಂ ಪೂರ್ವ–ಪಶ್ಚಿಮದ ಎರಡನ್ನೂ ಮುಚ್ಚಿದರು; ಅದೇ ಅಕ್ಟೋಬರ್‌ನಲ್ಲಿ ಡ್ವೇನ್ ಆಲ್‌ಮನ್, ಮರುವರ್ಷದ ನವೆಂಬರ್‌ನಲ್ಲಿ ಓಕ್ಲಿ, ಇಬ್ಬರೂ ಮೋಟಾರ್‌ಸೈಕಲ್ ಅಪಘಾತಗಳಲ್ಲಿ ತೀರಿಕೊಂಡರು. ರಾಕ್ ಕ್ರೀಡಾಂಗಣಗಳಿಗೆ ಹೋಯಿತು, ರೇಡಿಯೋ ಆಯ್ದ ಹಾಡುಗಳ ಪಟ್ಟಿಗೆ ಅಂಟಿಕೊಂಡಿತು. 1976ರಲ್ಲಿ ಪಂಕ್ ಎಂಬ ಗಿಡ್ಡ, ವೇಗದ ರಾಕ್ ನುಡಿಸುವ ರಮೋನ್ಸ್ ಬ್ಯಾಂಡ್ ಹದಿನಾಲ್ಕು ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿದಾಗ ಕೇಳುಗರಿಗೆ ಅದು ಬಿಡುಗಡೆಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಪಂಕ್ ಜ್ಯಾಮ್ ಅನ್ನು ಕೊಂದಿತು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಒಬ್ಬೊಬ್ಬರೂ ತಮ್ಮ ಸೋಲೋ ಮುಗಿಸಿ ಚಪ್ಪಾಳೆ ಪಡೆದು ಸರಿಯುವ, ಹತ್ತು ನಿಮಿಷ ಡ್ರಮ್ಸ್ ಒಂದೇ ಮೊಳಗುವ ಹಂತಕ್ಕೆ ಬಂದಾಗಲೇ ಅದರ ಜೀವ ಹೋಗಿತ್ತು. ಪರಸ್ಪರ ಕೇಳಿಸಿಕೊಳ್ಳುವುದನ್ನು ಬಿಡದ ಗ್ರೇಟ್‌ಫುಲ್ ಡೆಡ್ 1995ರವರೆಗೂ ಅದನ್ನು ಉಳಿಸಿಕೊಂಡಿತು. 1983ರಲ್ಲಿ ವರ್ಮಾಂಟ್‌ನಲ್ಲಿ ಶುರುವಾದ ಫಿಶ್ ಬ್ಯಾಂಡ್ ಮುಂದುವರಿಸಿತು.

ಪಬ್ಬಿನಲ್ಲಿ ನುಡಿಸುವಾಗ ನಾವು ಇಂಥ ಒಂದೇ ಹಾಡನ್ನು ಇಟ್ಟುಕೊಳ್ಳುತ್ತೇವೆ, ಅದೂ ಕೇಳುಗರ ಕಿವಿ ಪಳಗಿದ ಮೇಲೆ, ಕಾರ್ಯಕ್ರಮದ ನಡುವಿನಲ್ಲಿ. ಎಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡುವುದಿಲ್ಲ. ಯಾರೊಬ್ಬರೂ ಹೊಸ ಮಾತು ಎತ್ತದೆ ಎರಡು ಸುತ್ತು ಕಳೆದರೆ ನಾನು ಬಾಸ್‌ನಲ್ಲಿ ಮೂಲ ಸಾಲನ್ನು ತೆಗೆದುಕೊಳ್ಳುತ್ತೇನೆ. ಡ್ರಮ್ಮರ್ ಮುಂದಿನ ಆವರ್ತಕ್ಕೆ ಸೇರಿಕೊಳ್ಳುತ್ತಾನೆ, ಹಾಡು ಅಲ್ಲಿಂದ ಕೊನೆಯ ಚರಣಕ್ಕೆ ಹೋಗುತ್ತದೆ.