ಒಂದೇ ಸಾಲು, 28 ದಿನ

ಕೋಲಾರದ ಹತ್ತಿರದ ಹಳ್ಳಿ, ಟೊಮ್ಯಾಟೊ ಬೆಳೆಯುವ ಮನೆ. ಹುಡುಗನಿಗೆ 19 ವರ್ಷ. ಬಿ ಕಣದ ಎಎಲ್‌ಎಲ್, ಅಂದರೆ ರಕ್ತದ ಕ್ಯಾನ್ಸರ್. ಕೀಮೋ ಮುಗಿಸಿ ತೋಟಕ್ಕೆ ಹೋಗಲು ಶುರು ಮಾಡಿದ್ದ, ಕಾಯಿಲೆ ಮತ್ತೆ ಬಂತು. ಬೆಂಗಳೂರಿನಲ್ಲಿ ಬ್ಲಿನಾಟುಮೊಮ್ಯಾಬ್ ಎಂಬ ಆಂಟಿಬಾಡಿ ಔಷಧಿ ಹಾಕಿದರು. ಮೊದಲ 9 ದಿನ ಆಸ್ಪತ್ರೆಯಲ್ಲೇ ಇದ್ದ. ಆಮೇಲೆ ಔಷಧಿ ಹರಿಸುವ ಚಿಕ್ಕ ಪಂಪನ್ನು ಹೆಗಲಿಗೆ ನೇತುಹಾಕಿಕೊಂಡು ಊರಿಗೆ ಬಂದ. ಅಲ್ಲಿಂದ ಜವಾಬ್ದಾರಿ ನನ್ನದು. ನಾನು ನರ್ಸ್.

ಈ ಆಂಟಿಬಾಡಿಗೆ ಎರಡು ಕೈ ಇದೆ ಅಂದುಕೊಳ್ಳಿ. ಒಂದು ಕೈ ಕ್ಯಾನ್ಸರ್ ಕಣದ ಮೇಲಿನ ಸಿಡಿ19 ಎಂಬ ಪ್ರೋಟೀನ್ ಹಿಡಿಯುತ್ತದೆ, ಇನ್ನೊಂದು ರೋಗದ ವಿರುದ್ಧ ಹೋರಾಡುವ ನಮ್ಮದೇ ಟಿ ಕಣದ ಮೇಲಿನ ಸಿಡಿ3 ಪ್ರೋಟೀನ್. ಎರಡೂ ಪಕ್ಕಪಕ್ಕ ಬಂದರೆ ಸಾಕು, ಕೊಲ್ಲುವ ಕೆಲಸ ಟಿ ಕಣದ್ದು. ಆದರೆ ಈ ಔಷಧಿ ಮೈಯಲ್ಲಿ ನಿಲ್ಲುವುದಿಲ್ಲ. ಸುಮಾರು 2 ಗಂಟೆಯಲ್ಲಿ ಅರ್ಧ ಇಳಿದುಹೋಗುತ್ತದೆ. ಅದಕ್ಕೇ ಹಗಲು ರಾತ್ರಿ ಹರಿಯುತ್ತಲೇ ಇರಬೇಕು, 28 ದಿನ. ಮೊದಲ ವಾರ ದಿನಕ್ಕೆ 9 ಮೈಕ್ರೋಗ್ರಾಂ, ಆಮೇಲೆ ದಿನಕ್ಕೆ 28 ಮೈಕ್ರೋಗ್ರಾಂ. 4 ಗಂಟೆಗಿಂತ ಜಾಸ್ತಿ ನಿಂತರೆ ಆಸ್ಪತ್ರೆಗೆ ಹೋಗಿಯೇ ಮತ್ತೆ ಶುರು ಮಾಡಬೇಕು.

ಮೊದಲ ಸಲ ಬ್ಯಾಗ್ ಬದಲಿಸುವಾಗ ನನ್ನ ಕೈ ತಾನಾಗಿ ಸಲೈನ್ ಸಿರಿಂಜ್ ಕಡೆ ಹೋಯಿತು. ಎಷ್ಟೋ ವರ್ಷದ ಅಭ್ಯಾಸ ಅದು, ಲೈನ್ ಫ್ಲಶ್ ಮಾಡುವುದು, ಅಂದರೆ ಸಲೈನ್ ಹಾಯಿಸಿ ಟ್ಯೂಬ್ ತೊಳೆಯುವುದು. ಇಲ್ಲಿ ಅದು ಅಪಾಯ. ಟ್ಯೂಬಿನಲ್ಲಿರುವ ಔಷಧಿಯೆಲ್ಲ ಒಮ್ಮೆಲೇ ಒಳಗೆ ನುಗ್ಗುತ್ತದೆ. ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದೆ. ಎದೆ ಡವಡವ ಅನ್ನುತ್ತಿತ್ತು. ಅವತ್ತೇ ಟ್ಯೂಬಿಗೆ ಕೆಂಪು ಟೇಪ್ ಸುತ್ತಿ, 'ಫ್ಲಶ್ ಬೇಡ' ಎಂದು ಬರೆದೆ.

ಈ ಔಷಧಿ ಕೆಲವರಲ್ಲಿ ಮಿದುಳಿನ ಮೇಲೂ ಪರಿಣಾಮ ಮಾಡುತ್ತದೆ. ಮಾತು ತೊದಲಬಹುದು, ಕೈ ನಡುಗಬಹುದು. ಕೈಬರಹದಲ್ಲಿ ಅದು ಬೇಗ ಕಾಣುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಒಂದೇ ಸಾಲು ಬರೆಸುತ್ತಿದ್ದೆ. ಸಾಲು ಅವನೇ ಆರಿಸಿದ್ದು: 'ಕೋಲಾರಮ್ಮ ಕಾಪಾಡಮ್ಮ.'

12ನೇ ದಿನ ಆ ಸಾಲಿನ ಒತ್ತಕ್ಷರ ಜಾರಿತ್ತು. ಎರಡೂ 'ಮ್ಮ'ದ ಒತ್ತು ಗೆರೆಯಿಂದ ಕೆಳಗಿಳಿದು ಬಾಲದ ಹಾಗೆ ಎಳೆದಿತ್ತು. ಹುಡುಗ ಮಾತ್ರ ಚೆನ್ನಾಗೇ ಇದ್ದೀನಿ ಅಂದ. ಅವರಮ್ಮನೂ ಸುಮ್ನೆ ಹೆದರಿಸಬೇಡಿ ಅಂದರು. ಹಿಂದಿನ ದಿನದ ಪುಟ, ಆ ದಿನದ ಪುಟ, ಎರಡರ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದೆ. ತಕ್ಷಣ ಕರೆದುಕೊಂಡು ಬನ್ನಿ ಅಂದರು. ಪರೀಕ್ಷೆ ಮಾಡಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ನಡುಕ ಸಣ್ಣದಿತ್ತು, ಪಂಪ್ ನಿಲ್ಲಿಸಲಿಲ್ಲ.

15ನೇ ದಿನದ ಪುಟದಲ್ಲಿ 'ಮ್ಮ' ಮತ್ತೆ ಗುಂಡಗೆ, ಗೆರೆಗೆ ಅಂಟಿಕೊಂಡಿತ್ತು. ಅವರಮ್ಮ ಅದರ ಮೇಲೆ ಬೆರಳಾಡಿಸಿ ನೋಡಿದರು. 28 ದಿನ ಮುಗಿಯಿತು, 14 ದಿನ ಬಿಡುವು ಸಿಕ್ಕಿತು. ಮೂಳೆಮಜ್ಜೆ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಣ ಸಿಗಲಿಲ್ಲ. ಎರಡನೇ ಸುತ್ತಿಗೆ ಹೊರಡುವ ಹಿಂದಿನ ದಿನ ಅವನೇ ಅಂಗಡಿಗೆ ಹೋಗಿ ಹೊಸ ನೋಟ್‌ಬುಕ್ ತಂದಿದ್ದ.